ಈರಮ್ಮತ್ತಿ ಮದ್ದಿನ ಹೊಂಡಕ್ಕೆ ಇಳಿದದ್ದು

ಇವತ್ತು ಬೆಳಿಗ್ಗೆ ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಹಾಲು ಕಾಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಗುರೆಳ್ಳು ಹುರಿದು, ಕುಟ್ಟಿ, ಪುಡಿ ಮಾಡಿ ಡಬ್ಬಿಗೆ ತುಂಬಿದೆ. ಎರಡು ಕೌದಿ ಒಗೆದು ಮಾಳಿಗೆಯ ಮೇಲೆ ಹರವಿದೆ. ಅಕ್ಕಿ ಆರಿಸುತ್ತ ಕೂತಿದ್ದಾಗ ಕುರುಗೋಡಿನಿಂದ ಸೊಪ್ಪು ತರುವಾಕೆ ಬಾಗಿಲಲ್ಲಿ ಬುಟ್ಟಿ ಇಳಿಸಿ, "ನಿಮ್ಮ ಈರಮ್ಮತ್ತಿ ಹೋದ್ಳಂತ್ರೀ, ಮೊನ್ನಿ" ಎಂದಳು.

"ಹೌದಾ" ಎಂದೆ. ಮೊರದಲ್ಲಿ ಸಿಕ್ಕ ಹರಳನ್ನು ಹೊರಗೆ ಎಸೆದೆ. ಪುಂಡಿಸೊಪ್ಪು ತೆಗೆದುಕೊಂಡೆ. ಆಕೆ ಹೋದ ಮೇಲೆ ಮತ್ತೆ ಅಕ್ಕಿ ಆರಿಸಿದೆ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಆದರೆ ಎಲ್ಲಿಂದಲೋ ಮೂಗಿಗೆ ಗೀರಿದ ಬೆಂಕಿಕಡ್ಡಿಯ ವಾಸನೆ ಬಂತು. ಒಲೆಯ ಹತ್ತಿರ ಹೋಗಿ ನೋಡಿದೆ, ಅಲ್ಲಿ ಏನೂ ಇರಲಿಲ್ಲ. ಅದು ಮದ್ದಿನ ಹೊಂಡದ ವಾಸನೆ.

ಆಗ ಬಳ್ಳಾರಿ ಇನ್ನೂ ಮದರಾಸಿನ ಕೈಯಲ್ಲಿತ್ತು. ಸೀಮೆಎಣ್ಣೆ ಅಳೆದು ಕೊಡುತ್ತಿದ್ದ ಕಾಲ, ಸೀರೆ ಬೇಕೆಂದರೆ ಕೂಪನ್ನು ಹಿಡಿದು ನಿಲ್ಲಬೇಕಾಗಿದ್ದ ಕಾಲ. ಹೊಸಪೇಟೆಯ ಕಡೆ ಹೊಳೆಗೆ ಅಡ್ಡ ಕಟ್ಟುತ್ತಾರಂತೆ, ನಮ್ಮ ಹೊಲಕ್ಕೂ ನೀರು ಬರುತ್ತದಂತೆ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ಆಡಿಕೊಳ್ಳುತ್ತಿದ್ದರು, ಮತ್ತು ನಗುತ್ತಿದ್ದರು. ನಮ್ಮ ಮನೆ ಕೌಲ್ ಬಜಾರಿನಲ್ಲಿ. ಅಪ್ಪನಿಗೆ ಗೋಣಿಚೀಲದ ಅಂಗಡಿ. ಆ ಚಳಿಗಾಲ ಓಣಿಯಲ್ಲಿ ಇಲಿ ಬಿದ್ದವು ಎಂಬ ಸುದ್ದಿ ಎದ್ದು, ಪ್ಲೇಗಿಗೆ ಹೆದರಿ ಅಪ್ಪ ನನ್ನನ್ನೂ ನೀಲಕ್ಕನನ್ನೂ ಕುರುಗೋಡಿಗೆ, ಅವ್ವನ ತವರಿಗೆ ಕಳಿಸಿದ. ನನಗೆ ಆಗ ಹತ್ತು ವರ್ಷ. ನೀಲಕ್ಕ ನನ್ನ ದೊಡ್ಡಕ್ಕ. ಅವಳ ಲಗ್ನ ಗೊತ್ತಾಗಿತ್ತು. ಸಿರುಗುಪ್ಪದ ಭತ್ತದ ಗದ್ದೆಯ ಮನೆ. ವೀಳ್ಯ ಬದಲಾಯಿಸಿಯಾಗಿತ್ತು. ಹುಡುಗನ ತಾಯಿ ಪಂಪಮ್ಮನವರು ಒಂದು ಕೈಚೀಲದ ತುಂಬ ಸಣ್ಣಕ್ಕಿ ಕಳಿಸಿದ್ದರು. ಜೋಳದ ಸೀಮೆಯವರಾದ ನಮಗೆ ಅನ್ನವೆಂದರೆ ಹಬ್ಬ. ಅಜ್ಜಿ ಆ ಚೀಲವನ್ನು ಬಿಚ್ಚದೆ, ಇಲಿ ಮುಟ್ಟದ ಹಾಗೆ ಅಡಿಗೆಮನೆಯ ತೊಲೆಗೆ ಕಟ್ಟಿ ತೂಗುಹಾಕಿದ್ದಳು. "ಅಕ್ಷತಿ ದಿನ ಬಿಚ್ಚೋದು" ಎಂದಿದ್ದಳು. ಉಣ್ಣುವಾಗ ನಾನು ತಲೆ ಎತ್ತಿ ಅದನ್ನೇ ನೋಡುತ್ತಿದ್ದೆ.

ಗುಡ್ಡದ ಬುಡದಲ್ಲಿ ಮೂರು ಹೊಂಡಗಳಿದ್ದವು. ಮೇಲಿನದು ಕುಡಿಯುವ ನೀರಿನದು. ಅದರ ಕೆಳಗೆ ಅಕ್ಕಪಕ್ಕದಲ್ಲಿ ಎರಡು. ಎಡಗಡೆಯದು ದನದ ಹೊಂಡ, ಬರೀ ಕೆಸರು, ಸಗಣಿ. ಬಲಗಡೆಯದು ಮದ್ದಿನ ಹೊಂಡ. ಅದರಲ್ಲಿ ಬಂಡೆಯ ಸಂದಿಯಿಂದ ಉಗುರುಬೆಚ್ಚಗಿನ ನೀರು ಬರುತ್ತಿತ್ತು, ಬೆಂಕಿಕಡ್ಡಿಯ ವಾಸನೆ ಹೊಡೆಯುತ್ತಿತ್ತು. ಎರಡರ ನಡುವೆ ಕಲ್ಲು ಹಾಸಿದ ಕಿರಿದಾದ ಒಡ್ಡು. ಎದುರಿಗೆ ಒಬ್ಬರು ಬಂದರೆ ಇನ್ನೊಬ್ಬರು ಪಕ್ಕಕ್ಕೆ ತಿರುಗಿ ನಿಲ್ಲಬೇಕು. ದೀಪಾವಳಿ ಕಳೆದ ಮೇಲೆ ಆದೋನಿಯಿಂದ, ಬಳ್ಳಾರಿಯಿಂದ, ಸಿರುಗುಪ್ಪದಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಕಜ್ಜಿಯವರು, ಇಸಬಿನವರು, ಕೀಲುನೋವಿನವರು. ಬೇವಿನ ಮರಗಳ ಕೆಳಗೆ ಚಾಪೆಯ ಮರೆ ಕಟ್ಟಿಕೊಂಡು ವಾರಗಟ್ಟಲೆ ಇರುತ್ತಿದ್ದರು. ಅವರಿಗೆ ಅಜ್ಜಿ ರೊಟ್ಟಿ, ಬೇಳೆ ಮಾಡಿ ಕೊಡುತ್ತಿದ್ದಳು. ನಮ್ಮ ಎಮ್ಮೆ ಕರಿಯವ್ವನ ಮಜ್ಜಿಗೆಯೂ ಅವರಿಗೇ ಹೋಗುತ್ತಿತ್ತು.

ಆ ಹೊಂಡಕ್ಕೆ ಒಂದು ಕಟ್ಟುಪಾಡಿತ್ತು. ಮಿಂದವರು ಮೈ ಒರೆಸಬಾರದು, ಸೀರೆ ಬದಲಿಸಬಾರದು. ಒರೆಸಿದರೆ ಮದ್ದೆಲ್ಲ ಅರಿವೆಗೆ ಹೋಗುತ್ತದಂತೆ. ಗಾಳಿಗೆ, ಬಿಸಿಲಿಗೆ ಮೈ ತಾನೇ ಆರುವ ತನಕ ನಡೆಯಬೇಕು. ಇದಕ್ಕೆ ಊರಲ್ಲಿ 'ಆರೋ ಸುತ್ತು' ಎನ್ನುತ್ತಿದ್ದರು. ಒದ್ದೆ ಸೀರೆಯಲ್ಲೇ ಮೇಲ್‌ಹೊಂಡ ಬಳಸಿ, ಕಮರದ ಮರಗಳ ಅಡವಿ ಹೊಕ್ಕು, ಸೀತಾಫಲದ ಪೊದೆಗಳ ಹಿಂದಿನಿಂದ ಬಂದು, ಒಡ್ಡಿನ ಮೇಲೆ ಹಾದು ಮತ್ತೆ ಮೇಲ್‌ಹೊಂಡಕ್ಕೆ. ಅವಸರವಿಲ್ಲ. ಕಮರದ ಎಲೆಯ ನೆರಳಲ್ಲಿ ಒಣಗಿದ ಹುಲ್ಲಿನ ವಾಸನೆ, ಯಾರೋ ಸುಡುತ್ತಿದ್ದ ಬೆರಣಿಯ ಹೊಗೆ, ದೂರದಲ್ಲಿ ಕೌಜುಗದ ಕೂಗು. ಹೊಸಬರು ನೀರಿಗೆ ಇಳಿದರೆ ನೀರಲ್ಲಿದ್ದವರು ಬೊಗಸೆಯಲ್ಲಿ ಅವರ ನೆತ್ತಿಗೆ ನೀರು ಹಾಕಿ "ಮೈ ಹಗುರಾಗ್ಲಿ" ಅನ್ನಬೇಕು. ಇನ್ನೊಂದು ಮಾತು: ಯಾರಿಗೆ ಏನಾಗಿದೆ ಎಂದು ಯಾರೂ ಯಾರನ್ನೂ ಕೇಳಬಾರದು.

ಮಕ್ಕಳಾದ ನಮಗೆ ಅಲ್ಲೊಂದು ಆಟ. ಒದ್ದೆ ಕಾಲಿನವರು ನಡೆದರೆ ಕಲ್ಲಿನ ಮೇಲೆ ಹೆಜ್ಜೆ ಮೂಡುತ್ತದಲ್ಲ, ಅದು ಆರುವ ಮುಂಚೆ ಅದರ ಮೇಲೇ ಕಾಲಿಟ್ಟು ಹಿಂದೆ ಹೋಗಬೇಕು. ತಪ್ಪಿದವರು ಕುಂಟಬೇಕು. ಹಾಗೆ ಕುಂಟುತ್ತ, ಉಡಿಯಲ್ಲಿ ಬಾರೆಹಣ್ಣು ತುಂಬಿಕೊಂಡು, ಬೀಜ ಉಗುಳುತ್ತ ನಾನು ಅಜ್ಜಿಯ ಹಿಂದೆ ಸುತ್ತುತ್ತಿದ್ದೆ. ಅಜ್ಜಿಗೆ ಮೊಳಕಾಲು ನೋವು. ನೀರಿನೊಳಗಿನ ಮೆಟ್ಟಿಲು ಜಾರುತ್ತಿತ್ತು. ಅದಕ್ಕೆ ನೀಲಕ್ಕ ದಿನವೂ ಅವಳ ಕೈ ಹಿಡಿದು ಜೊತೆಗೆ ಇಳಿಯುತ್ತಿದ್ದಳು, ಸೊಂಟದ ತನಕ ನೆನೆಯುತ್ತಿದ್ದಳು, ಜೊತೆಗೇ ಸುತ್ತು ಹಾಕಿ ಆರುತ್ತಿದ್ದಳು. ಅಷ್ಟೇ ನಡೆದದ್ದು. ಇಷ್ಟನ್ನೇ ಹಿಡಿದುಕೊಂಡಳು ಈರಮ್ಮತ್ತಿ.

ಈರಮ್ಮತ್ತಿ ಅಜ್ಜಿಯ ಓಣಿಯಾಕೆ. ಅವ್ವನ ಕಡೆಯ ದೂರದ ಸಂಬಂಧದಲ್ಲಿ ನಮಗೆ ಅತ್ತೆ. ಊರಲ್ಲೆಲ್ಲ ಆಕೆಯೊಬ್ಬಳ ಹತ್ತಿರವೇ ಇದ್ದದ್ದು ದಾಳಿಂಬೆ ಬಣ್ಣದ ಅಂಚಿನ ಇಳಕಲ್ ಸೀರೆ. ಕೂಪನ್ನಿನ ಕಾಲದಲ್ಲಿ ಅದನ್ನು ಉಟ್ಟು ಬಂದರೆ ಹೆಂಗಸರು ಮಾತು ನಿಲ್ಲಿಸಿ ನೋಡುತ್ತಿದ್ದರು. ಆಕೆ ಹೊಂಡಕ್ಕೆ ಒಂದು ಬೆರಳೂ ಅದ್ದಿದವಳಲ್ಲ. ಆದರೆ ದಿನವೂ ಬರುತ್ತಿದ್ದಳು. ಒಡ್ಡಿನ ನಡುವಿನ ಒಂದು ಅಗಲ ಕಲ್ಲಿನ ಮೇಲೆ ಒಣ ಸೀರೆಯಲ್ಲಿ ನಿಂತು ಮಿಂದವರು ಏಳುವುದನ್ನು ಕಾಯುತ್ತಿದ್ದಳು. ಎದ್ದ ಮೇಲೆ ಅವರ ಮುಂದೆ ನಡೆದು ಸುತ್ತು ತೋರಿಸುತ್ತಿದ್ದಳು, ಮತ್ತು ಕೇಳಬಾರದ್ದನ್ನೆಲ್ಲ ಕೇಳುತ್ತಿದ್ದಳು. "ನಿಂಗೆಲ್ಲಿ ಆಗೈತಿ ತಂಗಿ? ಬೆನ್ನಿಗೇನು? ಗಂಡಗೆ ಗೊತ್ತೇನು?" ಸಂಜೆ ಹೊತ್ತಿಗೆ ಅದು ಓಣಿಯ ಕೊನೆ ಮುಟ್ಟಿರುತ್ತಿತ್ತು.

ಸಂಕ್ರಾಂತಿ ಹತ್ತಿರ ಬಂದಾಗ ಸಿರುಗುಪ್ಪದಿಂದ ಒಬ್ಬ ಮುದುಕ ಬಂದ. ಒಳಗೆ ಬಾ ಎಂದರೂ ಬರಲಿಲ್ಲ. ಪಡಸಾಲೆಯ ಅಂಚಿಗೆ ಕೂತು, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡು, "ಪಂಪಮ್ಮನವರು ಲಗ್ನ ಬ್ಯಾಡ ಅಂದಾರ್ರಿ" ಎಂದ.

"ಯಾಕ?" ಎಂದಳು ಅಜ್ಜಿ.

"ಹುಡುಗಿ ದಿನಾ ಹೊಂಡಕ್ಕ ಇಳೀತಾಳಂತ. ಮೈಯಾಗ ಏನೈತೋ ಏನೋ, ನಮ್ಮ ಮನಿಯಾಗೂ ನಾಳಿ ಮಕ್ಕಳು ಮರಿ ಆಗಬೇಕಲ್ಲ ಅಂದ್ರು."

"ನನ್ನ ಕೈ ಹಿಡಿಯಾಕ ಇಳೀತಾಳ. ನನ್ನ ಮೊಳಕಾಲು ನೋಡು" ಎಂದು ಅಜ್ಜಿ ಸೀರೆ ಸರಿಸಿ ಊದಿದ ಮೊಳಕಾಲು ತೋರಿಸಿದಳು.

"ನಾ ಅದನ್ನಽ ಹೇಳಿದೆ ತಾಯಿ. ನಿಮ್ಮ ಊರಾಕಿ ಈರಮ್ಮ ಅಲ್ಲೇ ಕುಂತಿದ್ಲು. 'ಎಲ್ಲಾರೂ ಹಂಗಽ ಅಂತಾರ ಬಿಡ್ರಿ' ಅಂದು ನಕ್ಕಳು."

ನೀಲಕ್ಕ ಬಾಗಿಲ ಹಿಂದೆ ಒಂದು ತಂಬಿಗೆ ನೀರು ಹಿಡಿದು ನಿಂತಿದ್ದಳು. ಮುದುಕನಿಗೆ ಕೊಡಲು ತಂದದ್ದು. ಹಾಗೇ ತಂದು ಕೊಟ್ಟಳು, ಅವನು ಕುಡಿದ. ಅವನು ಹೋದ ಮೇಲೆ ತಂಬಿಗೆ ಬೆಳಗಿ ಬೋರಲು ಹಾಕಿದಳು. ಅಳಲಿಲ್ಲ. ಆದರೆ ಅಂದಿನಿಂದ ಅವಳಿಗೆ ನಿದ್ದೆ ಹೋಯಿತು. ನಾವು ಮೂವರೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು. ನಾನು ಬಿದ್ದ ತಕ್ಷಣ ಮಲಗುತ್ತಿದ್ದೆ, ಆಮೇಲೆ ಅಜ್ಜಿ. ನೀಲಕ್ಕ ಮಾತ್ರ ಸೂರು ನೋಡುತ್ತ ಬಿದ್ದಿರುತ್ತಿದ್ದಳು. ಎಚ್ಚರವಾದಾಗಲೆಲ್ಲ ಅವಳ ಕಣ್ಣು ತೆರೆದೇ ಇರುತ್ತಿತ್ತು. ಊರಲ್ಲಿ ಅವಳ ವಯಸ್ಸಿನ ಹುಡುಗಿಯರು ಅವಳು ಕೂತ ಕಟ್ಟೆಯಲ್ಲಿ ಕೂರುವುದನ್ನು ಬಿಟ್ಟರು. ಒಬ್ಬಾಕೆ ಇಸಿದುಕೊಂಡ ಬಾಚಣಿಗೆಯನ್ನು ತೊಳೆದು ವಾಪಸು ಕೊಟ್ಟಳು. ಒಂದು ಮಾತು ಹೀಗೆ ನಿಂತರೆ ಸಿರುಗುಪ್ಪದ ಮನೆಯಷ್ಟೇ ಅಲ್ಲ, ಯಾವ ಮನೆಯೂ ಸಿಗುವುದಿಲ್ಲವೆಂದು ಹತ್ತು ವರ್ಷದ ನನಗೂ ತಿಳಿಯಿತು.

ಮುದುಕ ಬಂದುಹೋದ ಮಾರನೆಯ ದಿನವೇ ಈರಮ್ಮತ್ತಿ ಏನೂ ಆಗಿಲ್ಲವೆಂಬಂತೆ ಮಜ್ಜಿಗೆಗೆ ಬಂದಳು.

"ಸಿರುಗುಪ್ಪಕ್ಕ ಹೋಗಿದ್ದೇನು ಈರವ್ವ?" ಎಂದಳು ಅಜ್ಜಿ, ಕಡೆಗೋಲು ನಿಲ್ಲಿಸದೆ.

"ಹೋಗಿದ್ನಿ ದೊಡ್ಡತ್ತಿ. ನಮ್ಮಣ್ಣನ ಮಗಳಿಗೆ ಗಂಡು ನೋಡಾಕ."

"ಯಾರ ಮನಿ?"

ಈರಮ್ಮತ್ತಿ ಚೊಂಬು ಮುಂದೆ ಹಿಡಿದಳು. "ಅದಽ ಪಂಪಮ್ಮನ ಮನಿ. ಹೆಂಗೂ ನಿಮ್ಮದು ಮುರೀತಲ್ಲ."

"ಮುರದಾಕಿ ನೀನು."

"ನಾ ಸುಳ್ಳು ಹೇಳೀನೇನು? ದಿನಾ ಹೊಂಡಕ್ಕ ಇಳೀತಾಳ ಅಂದೆ. ಇಳಿಯಂಗಿಲ್ಲೇನು? ರೋಗ ಐತಿ ಅಂತ ನನ್ನ ಬಾಯಾಗ ಬಂದಿದ್ರ ನಾಲಿಗಿ ಸೇದಿಹೋಗ್ಲಿ. ಖರೇ ಹೇಳಿದ್ರ ತಪ್ಪೇನು?"

ಅಜ್ಜಿ ಕಡೆಗೋಲು ನಿಲ್ಲಿಸಿದಳು. ಆಮೇಲೆ ಚೊಂಬಿನ ತುಂಬ ಮಜ್ಜಿಗೆ ಹಾಕಿದಳು, ಮೇಲೆ ಬೆಣ್ಣೆಯ ಒಂದು ಚೂರು ಕೂಡ.

ನನಗೆ ಮೈಯೆಲ್ಲ ಉರಿಯಿತು. ಆಕೆ ಹೋದ ಮೇಲೆ ಅಜ್ಜಿಯ ಬೆನ್ನಿಗೆ ಗುದ್ದಿದೆ. "ಮಜ್ಜಿಗಿ ಯಾಕ ಕೊಟ್ಟಿ? ಚೊಂಬು ಹಿಡಿದು ಕೆಡವಬೇಕಿತ್ತು!"

"ಮಜ್ಜಿಗಿ ಎಮ್ಮಿದು. ಸಿಟ್ಟು ನಂದು. ಎಮ್ಮಿಗೂ ಅಕಿಗೂ ಏನು ಜಗಳ?"

"ಮತ್ತ ನಿನ್ನ ಸಿಟ್ಟು ಏನು ಮಾಡ್ತಿ?"

"ಹೆಪ್ಪು ಹಾಕಿ ಇಟ್ಟೀನಿ. ತಡಿ." ಆಮೇಲೆ ತಾನೇ ಅಂದುಕೊಂಡಂತೆ, "ಖರೇ ಮಾತು ಹೇಳಿ ಹೊಡದಾಳ. ನಾವೂ ಒಂದು ಸುಳ್ಳು ಆಡೂದು ಬ್ಯಾಡ" ಎಂದಳು.

ನಾನು ಕಾದೆ. ಆದರೆ ಬರೀ ಕೂತು ಕಾಯುವವಳಲ್ಲ ನಾನು. ಎಮ್ಮೆ ಮೇಯಿಸುವ ಕೆಲಸ ನನ್ನದು. ಕರಿಯವ್ವ ಮಧ್ಯಾಹ್ನ ಬಿಸಿಲೇರಿದ ಮೇಲೆ ಒಡ್ಡಿನ ಮೇಲಿಂದ ಹಾದು ದನದ ಹೊಂಡಕ್ಕೆ ಹೋಗುತ್ತಿದ್ದಳು. ಒಡ್ಡು ಹತ್ತಿದಳೆಂದರೆ ಹಿಂದೆ ತಿರುಗುವವಳಲ್ಲ, ಪಕ್ಕಕ್ಕೆ ಸರಿಯುವವಳಲ್ಲ, ಕಲೆಕ್ಟರು ಬಂದರೂ ದಾರಿ ಬಿಡುವವಳಲ್ಲ. ಅವಳು ಬರುವ ಹೊತ್ತಿಗೆ ಒಡ್ಡಿನ ಮೇಲೆ ಯಾರೂ ಇರುತ್ತಿರಲಿಲ್ಲ. ಈರಮ್ಮತ್ತಿ ನಿಲ್ಲುವುದು ಬೆಳಿಗ್ಗೆ. ಎಮ್ಮೆ ಹಾಯುವುದು ಮಧ್ಯಾಹ್ನ. ಈ ಎರಡು ಹೊತ್ತನ್ನು ಕೂಡಿಸಬೇಕು, ಅಷ್ಟೇ.

ಹತ್ತಿಕಾಳು ನೆನೆಹಾಕಿದ್ದನ್ನು ಒಂದು ಹಿಡಿ ಕದ್ದು ಒಡ್ಡಿನ ಆಚೆ ತುದಿಯಲ್ಲಿ, ದನದ ಹೊಂಡಕ್ಕೆ ಇಳಿಯುವಲ್ಲಿ ಇಟ್ಟೆ. ಮರುದಿನ ಸ್ವಲ್ಪ ಮುಂಚೆ ಇಟ್ಟೆ. ಅದರ ಮರುದಿನ ಇನ್ನೂ ಸ್ವಲ್ಪ ಮುಂಚೆ. ಎಮ್ಮೆಗೆ ಹೊಟ್ಟೆಯೇ ಗಡಿಯಾರ. ಹಾಗೆ ಹಾಗೆ ಅವಳ ಹೊತ್ತು ಬೆಳಗಿನ ಕಡೆಗೆ ಸರಿಯುತ್ತ ಬಂತು. ಒಂದು ದಿನ ನೋಡಿದರೆ ಹತ್ತಿಕಾಳಿನ ಗಡಿಗೆ ಎತ್ತರದ ಗೂಡಿನಿಂದ ಕೆಳಗೆ, ನನ್ನ ಕೈಗೆ ಸಿಗುವಲ್ಲಿ ಇಳಿದಿತ್ತು. ಅಜ್ಜಿ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು.

"ಇತ್ತೀಚೆ ಎಮ್ಮಿ ಲಗೂನ ನೀರಿಗೆ ಹೊಂಟೈತಿ" ಎಂದಳು, ತಿರುಗಿ ನೋಡದೆ.

"ಸೆಕಿ ಆಗಿರಬೇಕು" ಎಂದೆ.

"ಮಾಗಿ ಚಳಿಯಾಗ ಸೆಕಿ?" ಎಂದು ನೀಲಕ್ಕ ನನ್ನ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ಅವಳ ತುಟಿಯ ಮೂಲೆ ಸ್ವಲ್ಪ ಅಲ್ಲಾಡಿತು.

ಪಂಪಮ್ಮನವರು ಈರಮ್ಮತ್ತಿಯ ಅಣ್ಣನ ಮಗಳನ್ನು ನೋಡಲು ಬರುವ ದಿನ ಗೊತ್ತಾಯಿತು. ಬೇರೆ ಯಾರೂ ಹೇಳಬೇಕಾಗಿರಲಿಲ್ಲ, ಈರಮ್ಮತ್ತಿಯೇ ಒಡ್ಡಿನ ಮೇಲೆ ನಿಂತು ಊರಿಗೆಲ್ಲ ಸಾರಿದ್ದಳು. ಗಾಡಿ ಸಿರುಗುಪ್ಪದ ಹಾದಿಯಿಂದ ಬಂದರೆ ಮೊದಲು ಸಿಗುವುದು ಹೊಂಡಗಳೇ. ತಾನು ಅಲ್ಲಿಯೇ ಎದುರುಗೊಂಡು, ಅಡವಿಯ ನೆರಳಲ್ಲಿ ಒಂದು ಸುತ್ತು ನಡೆಸಿ, ಆಮೇಲೆ ಮನೆಗೆ ಕರೆದೊಯ್ಯುತ್ತೇನೆ ಎಂದಳು. "ದೊಡ್ಡ ಮನಿ ಮಂದಿಗೆ ನಮ್ಮೂರ ಗಾಳಿ ತೋರಿಸ್ಬೇಕಲ್ಲ!"

ಆ ದಿನ ಆಕೆ ಇಳಕಲ್ ಸೀರೆ ಉಟ್ಟು, ತಲೆಗೆ ಸೇವಂತಿಗೆ ಮುಡಿದು ತನ್ನ ಅಗಲ ಕಲ್ಲಿನ ಮೇಲೆ ನಿಂತಿದ್ದಳು. ಬೆನ್ನು ಎಮ್ಮೆ ಬರುವ ಕಡೆಗೆ, ಮುಖ ಸಿರುಗುಪ್ಪದ ಹಾದಿಗೆ. ಮದ್ದಿನ ಹೊಂಡದಲ್ಲಿ ಆದೋನಿಯ ಹೆಂಗಸರು, ಅಜ್ಜಿ, ಅಜ್ಜಿಯ ಕೈ ಹಿಡಿದ ನೀಲಕ್ಕ. ನಾನು ಕರಿಯವ್ವನ ಹಗ್ಗ ಬಿಚ್ಚಿದೆ. ಬೇರೇನೂ ಮಾಡಲಿಲ್ಲ. ಹೊಡೆಯಲಿಲ್ಲ, ಓಡಿಸಲಿಲ್ಲ. ಅವಳು ತನ್ನ ಹೊತ್ತಿಗೆ, ತನ್ನ ಹತ್ತಿಕಾಳಿಗೆ, ತನ್ನ ದಾರಿಯಲ್ಲಿ ಹೊರಟಳು.

ಮೊದಲು ಈರಮ್ಮತ್ತಿಗೆ ಕೇಳಿಸಿದ್ದು ಉಸಿರು. ತಿರುಗಿ ನೋಡಿದರೆ ಮೊಳ ದೂರದಲ್ಲಿ ಕೊಂಬು.

"ಹೇ! ಹ್ಯಾ! ಹಿಂದ ಸರಿ! ಲೇ ಹುಡುಗಿ, ನಿನ್ನ ಎಮ್ಮಿ ಹಿಡಿಯೇ!"

"ಅದು ಹಿಂದ ಸರಿಯಂಗಿಲ್ಲತ್ತಿ!" ಎಂದು ಕೂಗಿದೆ. ಅದು ಖರೇ ಮಾತು.

ಆಕೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟಳು. ಒಡ್ಡಿನ ಆ ತುದಿಗೆ ಓಡಿಹೋಗಬಹುದಿತ್ತು. ಆದರೆ ಅಲ್ಲಿ ದನಗಳು ತುಳಿದ ಮೊಳಕಾಲುದ್ದ ರಾಡಿ. ಎಡಗಡೆ ನೋಡಿದಳು, ದನದ ಹೊಂಡ, ಹಸಿರು ಸಗಣಿ ನೀರು. ಬಲಗಡೆ ನೋಡಿದಳು, ಮದ್ದಿನ ಹೊಂಡ, ತಳದ ಕಲ್ಲು ಕಾಣುವ ತಿಳಿನೀರು. ಆಕೆಯ ಕೈ ಸೀರೆಯ ಅಂಚನ್ನು ಹಿಡಿದಿತ್ತು. ಇನ್ನೊಬ್ಬರಾದರೆ ಕೆಸರಿಗೆ ಜಿಗಿಯುತ್ತಿದ್ದರೇನೋ. ಆದರೆ ಊರಲ್ಲಿ ಅದೊಂದೇ ಇಳಕಲ್ ಸೀರೆ. ಈರಮ್ಮತ್ತಿ ನೆರಿಗೆ ಎತ್ತಿಕೊಂಡು, ಒಂದು, ಎರಡು ಮೆಟ್ಟಿಲು, ತಾನಾಗಿ, ತನ್ನ ಕಾಲಿನಿಂದ, ಮದ್ದಿನ ಹೊಂಡಕ್ಕೆ ಇಳಿದಳು. ಮೂರನೆಯ ಮೆಟ್ಟಿಲು ಜಾರಿತು. ಕುತ್ತಿಗೆಯ ತನಕ ಹೋಗಿ ಎದ್ದಳು.

ಕರಿಯವ್ವ ಒಡ್ಡು ದಾಟಿ ಹೋಗಿ ಹತ್ತಿಕಾಳು ತಿಂದಳು.

ಆಮೇಲೆ ಅಜ್ಜಿ ನೀಲಕ್ಕನ ಕೈ ಬಿಟ್ಟು ಮುಂದೆ ಬಂದಳು. ಎರಡೂ ಕೈಯಲ್ಲಿ ಬೊಗಸೆ ತುಂಬಿ ಈರಮ್ಮತ್ತಿಯ ಸೇವಂತಿಗೆಯ ಮೇಲೆ ನಿಧಾನವಾಗಿ ಹೊಯ್ದಳು.

"ಮೈ ಹಗುರಾಗ್ಲವ್ವ" ಎಂದಳು.

ಆದೋನಿಯ ಹೆಂಗಸರಿಗೆ ಹಿಂದಿನದು ಏನೂ ಗೊತ್ತಿಲ್ಲ. ಹೊಸಬರು ಬಂದರೆಂದು ಸಂತೋಷದಿಂದ ಒಬ್ಬೊಬ್ಬರೇ ಬಂದು ಹೊಯ್ದರು. ಮುಖದ ಮೇಲೆ ಇಳಿಯುವ ನೀರಿಗೆ ಈರಮ್ಮತ್ತಿಗೆ ಬಾಯಿ ತೆರೆಯಲಾಗಲಿಲ್ಲ. ತೆರೆದಾಗ, "ಬಿಡ್ರೇ! ನನಗೇನೂ ಆಗಿಲ್ಲ! ನನಗ್ಯಾವ ರೋಗಾನೂ ಇಲ್ಲ!" ಎಂದು ಕಿರುಚಿದಳು. ದಡಬಡ ಮೇಲೆ ಹತ್ತಿ ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋದರೆ ಆದೋನಿಯ ಒಬ್ಬ ಮುದುಕಿ ಕೈ ಹಿಡಿದಳು. ಒರೆಸಬಾರದು ತಾಯೀ, ಮದ್ದು ಹೋಗುತ್ತದೆ, ನಡಿ ಎಂದು ತೆಲುಗಿನಲ್ಲಿ ಹೇಳಿ, ಆಕೆಯ ತೋಳಿಗೆ ತೋಳು ಸೇರಿಸಿ ಸುತ್ತಿಗೆ ಎಳೆದುಕೊಂಡು ಹೊರಟೇಬಿಟ್ಟಳು. ಒಬ್ಬಳು ಮುಂದೆ, ಇಬ್ಬರು ಹಿಂದೆ. ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು ಮೂಡಿದವು. ಈರಮ್ಮತ್ತಿಯದು ಅಗಲ ಹೆಜ್ಜೆ. ನಾನು ಒಂದನ್ನೂ ತಪ್ಪಿಸದೆ ಅದರ ಮೇಲೇ ಕಾಲಿಟ್ಟು ಹಿಂದೆ ಹೋದೆ. ಆ ಆಟದಲ್ಲಿ ಅಷ್ಟು ಸುಖ ನನಗೆ ಎಂದೂ ಆಗಿರಲಿಲ್ಲ.

ಮೇಲ್‌ಹೊಂಡದ ತಿರುವಿನಲ್ಲಿ ಗಾಡಿ ನಿಂತಿತ್ತು. ಪಂಪಮ್ಮನವರು ಇಳಿದು, ಹುಬ್ಬಿಗೆ ಕೈಯಿಟ್ಟು ನೋಡುತ್ತಿದ್ದರು.

"ಈರಮ್ಮ ಅಲ್ಲೇನು?"

"ಎಮ್ಮಿ ಬಂತ್ರೀ ಪಂಪಮ್ಮನವರೇ! ಎಮ್ಮಿ ಅಡ್ಡ ಬಂತಂತ ಇಳಿದೆ. ಇಲ್ದಿದ್ರ ನಾ ಎಂದೂ..."

ಪಂಪಮ್ಮನವರು ಎಮ್ಮೆಯನ್ನು ಹುಡುಕಿ ಸುತ್ತ ನೋಡಿದರು. ಕರಿಯವ್ವ ಅಷ್ಟು ಹೊತ್ತಿಗೆ ದನದ ಹೊಂಡದಲ್ಲಿ ಮೂಗಿನ ತನಕ ಮುಳುಗಿದ್ದಳು.

"ಇಳಿದಿದ್ದು ಹೌದೇನು?" ಎಂದು ಆದೋನಿಯ ಮುದುಕಿಯನ್ನು ಕೇಳಿದರು.

"ದಿಗಿಂದಮ್ಮಾ, ಮೇಮೇ ನೀಳ್ಳು ಪೋಶಾಂ" ಎಂದಳು ಮುದುಕಿ ಹೆಮ್ಮೆಯಿಂದ. ಇಳಿದಳು, ನಾವೇ ನೀರು ಹೊಯ್ದೆವು ಎಂದು. ಸಿರುಗುಪ್ಪದವರಿಗೆ ತೆಲುಗು ತಿಳಿಯದೇ ಇರುತ್ತದೆಯೇ!

"ನನ್ನ ಮಾತು ಕೇಳ್ರಿ, ಎಮ್ಮಿ..."

"ಎಲ್ಲಾರೂ ಹಂಗಽ ಅಂತಾರ ಬಿಡವ್ವ" ಎಂದರು ಪಂಪಮ್ಮನವರು. "ನೀನಽ ಹೇಳಿದ್ದಿ ನೋಡು."

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಸುತ್ತು ನಿಲ್ಲಿಸದೆ ಸೀತಾಫಲದ ಪೊದೆಗಳ ಕಡೆಗೆ ನಡೆಯುತ್ತಿದ್ದಳು, ಮೈ ಇನ್ನೂ ಆರಿರಲಿಲ್ಲವಲ್ಲ.

ಗಾಡಿ ಈರಮ್ಮತ್ತಿಯ ಮನೆಗೆ ಹೋಗಲಿಲ್ಲ. ಆಕೆಯ ಅಣ್ಣನ ಮಗಳಿಗೆ ಮುಂದೆ ಬೇರೆ ಕಡೆ ಒಳ್ಳೆಯ ಮನೆ ಸಿಕ್ಕಿತು. ಆ ಹುಡುಗಿಯ ಮೇಲೆ ನಮಗೆ ಯಾವ ಸಿಟ್ಟೂ ಇರಲಿಲ್ಲ. ಗಾಡಿ ಬಂದದ್ದು ನಮ್ಮ ಬಾಗಿಲಿಗೆ. ಪಂಪಮ್ಮನವರು ಪಡಸಾಲೆಯಲ್ಲಿ ಕೂತು, ನೀಲಕ್ಕ ತಂದ ನೀರು ಕುಡಿದು, ಅವಳ ಮೊಣಕೈ, ಕುತ್ತಿಗೆ ಎಲ್ಲ ಕಣ್ಣಿನಲ್ಲೇ ತಡವಿ ನೋಡಿದರು.

"ಆಗಿದ್ದು ಆಗಿಹೋತು" ಎಂದರು. "ಆಕಿ ಮಾತು ಕೇಳಿ ನಾವು ಅವಸರ ಮಾಡಿದ್ವಿ. ಉಗಾದಿ ಕಳದ ಮ್ಯಾಲ ಲಗ್ನ ಇಟ್ಕೊಳ್ಳೋಣ."

ಅಜ್ಜಿ ನೀಲಕ್ಕನ ಕಡೆ ಕೈ ತೋರಿಸಿದಳು. "ಅಕೀನಽ ಕೇಳ್ರಿ" ಎಂದಳು.

ನೀಲಕ್ಕ ತಂಬಿಗೆ ಕೆಳಗಿಟ್ಟಳು. ಅವಳ ದನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅಮ್ಮಾರೇ, ನಾನು ನಾಳಿನೂ ಅಜ್ಜಿ ಕೈ ಹಿಡ್ಕೊಂಡು ಹೊಂಡಕ್ಕ ಇಳೀತೀನ್ರಿ. ನಾಡಿದ್ದೂ ಇಳೀತೀನಿ."

"ಲಗ್ನ ಆಗೋತನಕ ಬಿಡು ತಾಯಿ. ಮಂದಿ ಬಾಯಿ ಕೆಟ್ಟದ್ದು."

"ಬಿಡಂಗಿಲ್ರಿ. ಮಂದಿ ಬಾಯಿ ಕೇಳಿ ಒಮ್ಮಿ ಬಿಟ್ಟ್ರಿ, ಇವತ್ತು ಮಂದಿ ಬಾಯಿ ಕೇಳಿ ಬಂದ್ರಿ. ನಾಳಿ ಇನ್ನೊಬ್ರ ಬಾಯಿ ಕೇಳಿದ್ರ ನಾ ಎಲ್ಲಿಗೆ ಹೋಗ್ಲಿ?"

ಪಂಪಮ್ಮನವರ ಮುಖ ಕೆಂಪಾಯಿತು. ಏಳುವಾಗ ಅವರ ಕಣ್ಣು ಅಡಿಗೆಮನೆಯ ತೊಲೆಯ ಮೇಲೆ ಬಿತ್ತು. ಅವರು ಕಳಿಸಿದ ಚೀಲ ಅಲ್ಲೇ ತೂಗುತ್ತಿತ್ತು.

"ತಗೊಂಡು ಹೋಗ್ರಿ, ಕಟ್ಟು ಬಿಚ್ಚಿಲ್ಲ" ಎಂದಳು ಅಜ್ಜಿ.

"ಇರ್ಲಿ ಬಿಡ್ರಿ" ಎಂದರು ಅವರು, ನೋಡದೆ. ಗಾಡಿ ಹೋಯಿತು.

ಈರಮ್ಮತ್ತಿ ಹೊಂಡಕ್ಕೆ ಇಳಿದಳಂತೆ ಎಂಬ ಮಾತು ಅವತ್ತು ಸಂಜೆಯೊಳಗೆ ಓಣಿಯ ಕೊನೆ ಮುಟ್ಟಿತು. ನಾವು ಯಾರೂ ಹೇಳಲಿಲ್ಲ. ಕೇಳಿದವರಿಗೆ ಅಜ್ಜಿ, "ಇಳಿದಿದ್ದು ಹೌದು. ಏನೈತೋ ನನಗ ಗೊತ್ತಿಲ್ಲ" ಎಂದಷ್ಟೇ ಹೇಳುತ್ತಿದ್ದಳು. ಅಕ್ಷರವೂ ಸುಳ್ಳಲ್ಲ. ಆಮೇಲೆ ಆ ಅಗಲ ಕಲ್ಲಿನ ಮೇಲೆ ಈರಮ್ಮತ್ತಿ ನಿಲ್ಲಲಿಲ್ಲ. ಯಾರ ಮೈಗೆ ಏನಾಗಿದೆ ಎಂದು ಕೇಳುವವರೂ ಇಲ್ಲವಾಗಿ ಮಿಂದವರು ತಮ್ಮ ಪಾಡಿಗೆ ತಾವು ನಡೆದು ಆರತೊಡಗಿದರು. ನೀಲಕ್ಕನ ಕಟ್ಟೆಗೆ ಹುಡುಗಿಯರು ಮತ್ತೆ ಬಂದರು. ಊರು ಮಾತಾಡಲು ಬೇರೆ ಮೈ ಸಿಕ್ಕಿತ್ತಲ್ಲ. ಅವಳ ಲಗ್ನ ಎರಡು ವರ್ಷ ಬಿಟ್ಟು ಕುಡತಿನಿಯ ಒಬ್ಬ ಒಕ್ಕಲಿಗನ ಜೊತೆ ಆಯಿತು. ಅವನು ಹೆಣ್ಣು ನೋಡಲು ಬಂದಾಗ ಅವಳು ಅಜ್ಜಿಯ ಕೈ ಹಿಡಿದು ನೀರಿನಲ್ಲೇ ಇದ್ದಳು. ದಡದಲ್ಲಿ ಕೂತು ಕಾದನಂತೆ.

ಹೋದ ವರ್ಷ ಕುರುಗೋಡಿಗೆ ಹೋಗಿದ್ದೆ. ಕಟ್ಟೆಯ ಮೇಲಿನವರು ನಗಾಡಿದ ಕಾಲುವೆ ಬಂದು ಎಷ್ಟೋ ಕಾಲವಾಯಿತು. ಅದರ ಜೌಗು ಇಳಿದು ಮದ್ದಿನ ಹೊಂಡದ ನೀರು ತಣ್ಣಗಾಗಿದೆ, ಪಾಚಿ ಕಟ್ಟಿದೆ. ಬಾಗಿ ಮೂಸಿ ನೋಡಿದೆ, ಬೆಂಕಿಕಡ್ಡಿಯ ವಾಸನೆ ಇಲ್ಲ. ಕಮರದ ಮರಗಳನ್ನು ಇದ್ದಿಲಿಗೆ ಕಡಿದರು. ಒಡ್ಡಿನ ಹಾಸುಗಲ್ಲು ಯಾರದೋ ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ. ಈಗ ಕಜ್ಜಿಯಾದರೆ ದವಾಖಾನೆಯಲ್ಲಿ ಮುಲಾಮು ಕೊಡುತ್ತಾರೆ, ಮನೆಯೊಳಗೇ ಹಚ್ಚಿಕೊಂಡು ಕೂರುತ್ತಾರೆ. ಒದ್ದೆ ಸೀರೆಯಲ್ಲಿ, ಗೊತ್ತಿಲ್ಲದವರ ತೋಳಿಗೆ ತೋಳು ಸೇರಿಸಿ ಅಡವಿ ಸುತ್ತುವವರು ಯಾರೂ ಇಲ್ಲ.

ಆ ಹೊಂಡದ ಕಾಲದಿಂದ ಊರಲ್ಲಿ ಉಳಿದಿದ್ದವಳು ಈರಮ್ಮತ್ತಿ ಒಬ್ಬಳೇ. ಕುರುಗೋಡಿಗೆ ಹೋದಾಗಲೆಲ್ಲ, ತಲೆ ನೆರೆತ ಮೇಲೂ, ಆಕೆಯ ಬಾಗಿಲ ಮುಂದೆ ಹಾಯುವಾಗ ನಾನು ಎಮ್ಮೆ ಹೊಡೆಯುವವರ ಹಾಗೆ "ಹ್ಯಾ... ಹ್ಯಾ..." ಎಂದು ಕೂಗುತ್ತಿದ್ದೆ. ಒಳಗಿನಿಂದ ಆಕೆ, "ನಿನ್ನ ಎಮ್ಮಿ ಹಾಳಾಗ್ಲಿ, ನಿನ್ನ ಸಂತಾನ ಹಾಳಾಗ್ಲಿ" ಎಂದು ಬೈಯುತ್ತಿದ್ದಳು. ಆ ಬೈಗುಳ ಕೇಳಿದರೆ ನನಗೆ ಆ ದಿನದ ಊಟ ರುಚಿಸುತ್ತಿತ್ತು. ಇನ್ನು ಆ ಓಣಿಯಲ್ಲಿ ನಾನು ಯಾರ ಬಾಗಿಲಿಗೆ ಕೂಗಲಿ? ಕ್ಷಮಿಸಿದ್ದೀಯಾ ಎಂದು ಯಾರಾದರೂ ಕೇಳಿದರೆ, ಇಲ್ಲ. ನೀಲಕ್ಕ ಸೂರು ನೋಡುತ್ತ ಬಿದ್ದಿದ್ದ ರಾತ್ರಿಗಳನ್ನು ಆಕೆಯಾದರೂ ವಾಪಸು ಕೊಟ್ಟಳೇನು?

ಪಂಪಮ್ಮನವರ ಗಾಡಿ ಹೋದ ಆ ಸಂಜೆ ಅಜ್ಜಿ ಸ್ಟೂಲು ಹತ್ತಿ, ನೋವಿನ ಮೊಳಕಾಲು ಹಿಡಿದುಕೊಂಡೇ ತೊಲೆಯಿಂದ ಚೀಲ ಇಳಿಸಿದಳು. ಕಟ್ಟು ಕುಡುಗೋಲಿನಿಂದ ಕೊಯ್ದಳು. ಸಣ್ಣಕ್ಕಿಯ ವಾಸನೆ ಮನೆಯೆಲ್ಲ ತುಂಬಿತು. ಅವತ್ತು ಉಂಡದ್ದು ಸಿರುಗುಪ್ಪದ ಅಕ್ಕಿಯ ಬಿಸಿ ಅನ್ನ, ಮೇಲೆ ಕರಿಯವ್ವನ ತುಪ್ಪ, ಬೆಲ್ಲ, ಕೊನೆಗೆ ಮಜ್ಜಿಗೆ. ನಾನು ಮೂರು ಸಲ ಹಾಕಿಸಿಕೊಂಡೆ. ಕರಿಯವ್ವನಿಗೂ ಅಜ್ಜಿ ಒಂದು ಮುದ್ದೆ ಅನ್ನ ತಿನ್ನಿಸಿ ಬಂದಳು. ಚಾಪೆ ಹಾಸಿ, ದೀಪ ಸಣ್ಣ ಮಾಡಿ, ಈರಮ್ಮತ್ತಿ ಮುಳುಗಿ ಎದ್ದದ್ದನ್ನು ಮತ್ತೊಮ್ಮೆ ಹೇಳಬೇಕೆಂದು ನಾನು ಅಕ್ಕನ ಕಡೆ ಹೊರಳಿದೆ.

ಅಜ್ಜಿ ಬಾಯಿಯ ಮೇಲೆ ಬೆರಳಿಟ್ಟಳು. ನೀಲಕ್ಕ ಎಲ್ಲರಿಗಿಂತ ಮೊದಲೇ ಮಲಗಿಬಿಟ್ಟಿದ್ದಳು.